ಪೌಡರ್ ಹಾಕದ ನೀರು

ಕೃಷ್ಣರಾಜಪೇಟೆಯ ಹೊಸ ಎಕ್ಸ್‌ಟೆನ್ಷನ್ನಿಗೆ ಎಪ್ಪತ್ತು ವರ್ಷ ದಾಟಿದೆ. ಐವತ್ತರ ದಶಕದಲ್ಲಿ ಹಗ್ಗ ಹಿಡಿದು ನೇರ ಬೀದಿಗಳನ್ನು ಎಳೆದು, ಒಂದೇ ಅಳತೆಯ ಸೈಟುಗಳನ್ನು ಹಂಚಿದಾಗ ಇಟ್ಟ ಹೆಸರು ಹಾಗೇ ಉಳಿದುಕೊಂಡಿದೆ. ಪ್ರತಿ ಮನೆಗೂ ಮುಂದೆ ಜಗಲಿ, ಹಿಂದೆ ಒಂದು ಓಣಿ. ಆ ಓಣಿಗೆ ಕನ್ಸರ್ವೆನ್ಸಿ ಗಲ್ಲಿ ಎಂದು ಹೆಸರು. ಆಗಿನ ಕಕ್ಕಸುಗಳ ಮಲವನ್ನು ಹಿಂದಿನಿಂದ ಬಂದು ಬಳಿದು ಹೊತ್ತೊಯ್ಯಲೆಂದೇ ಅದನ್ನು ಬಿಟ್ಟಿದ್ದರು. ಆ ಪದ್ಧತಿ ನಿಂತಿತು, ಗಲ್ಲಿ ಉಳಿಯಿತು. ಖಾಲಿ ಜಾಗ ಎಷ್ಟು ದಿನ ಖಾಲಿ ಇದ್ದೀತು? ಒಬ್ಬರು ಬಚ್ಚಲು ಚಾಚಿದರು, ಒಬ್ಬರು ಹಸು ಕಟ್ಟಿದರು, ಇನ್ನೊಬ್ಬರು ಸೌದೆ ಒಟ್ಟಿದರು. ಗಲ್ಲಿಯ ನಡುವೆ ಹಳೆಯ ಸಿಹಿನೀರಿನ ಬಾವಿಯೊಂದಿತ್ತು. ಅದನ್ನು ಮಾತ್ರ ಯಾರೂ ಮುಚ್ಚಲಿಲ್ಲ.

ಗೌರಿ ಹಬ್ಬ ಮುಗಿದ ವಾರದಲ್ಲಿ ಈ ಬಡಾವಣೆಯಲ್ಲಿ ಕಾಮಾಲೆ ಕಾಣಿಸಿತು. ಮೊದಲು ಇಬ್ಬರು, ಆಮೇಲೆ ಐವರು, ಈ ಗುರುವಾರದ ಹೊತ್ತಿಗೆ ಹನ್ನೊಂದು ಮಂದಿ. ಪುರಸಭೆಯ ಆರೋಗ್ಯ ನಿರೀಕ್ಷಕಿ ದಿವ್ಯ ಕಳಿಸಿದ್ದ ರಕ್ತದ ಮಾದರಿಗಳ ಫಲಿತಾಂಶ ಅವತ್ತು ಬೆಳಿಗ್ಗೆ ಬಂದಿತ್ತು. ಇದು 'ಇ' ಬಗೆಯ ಕಾಮಾಲೆ, ನೀರಿನಿಂದ ಬರುವಂಥದ್ದು. ಆರೋಗ್ಯವಂತರು ಒಂದು ತಿಂಗಳು ನರಳಿ ಎದ್ದು ಕೂರುತ್ತಾರೆ. ದಿನ ತುಂಬುತ್ತಿರುವ ಬಸುರಿಯರಿಗೆ ತಗುಲಿದರೆ ಐವರಲ್ಲಿ ಒಬ್ಬರು ಉಳಿಯುವುದಿಲ್ಲ.

ಬಡಾವಣೆಯಲ್ಲಿ ಅಂಥವಳು ಒಬ್ಬಳೇ ಇದ್ದಳು. ಮರಗೆಲಸದ ಶ್ರೀನಿವಾಸಾಚಾರಿಯ ತಂಗಿ ವೀಣ. ಏಳು ತಿಂಗಳಾಗಿತ್ತು, ವಿಶ್ರಾಂತಿ ಬೇಕೆಂದು ಡಾಕ್ಟರು ಹೇಳಿದ್ದರಿಂದ ಶ್ರಾವಣದಲ್ಲೇ ತವರಿಗೆ ಬಂದಿದ್ದಳು. ಫಲಿತಾಂಶ ಬಂದ ಗಳಿಗೆಯಿಂದ ದಿವ್ಯಳ ಲೆಕ್ಕದಲ್ಲಿ ಕೆಲಸ ಒಂದೇ: ನೀರು ಎಲ್ಲಿ ಕೆಟ್ಟಿದೆ ಎಂದು ಹುಡುಕುವುದು, ಅದು ವೀಣಳ ಬಾಯಿಗೆ ಹೋಗುವ ಮೊದಲು.

"ಎಲ್ಲಾರೂ ನನ್ ಮಕಕ್ಕೇ ಉಗೀತಾವ್ರೆ ಮೇಡಮ್ಮೋರೆ," ಎಂದ ನೀರುಗಂಟಿ ನಿಂಗರಾಜು. ಇಪ್ಪತ್ತು ವರ್ಷದಿಂದ ಆ ಬಡಾವಣೆಗೆ ನೀರು ಬಿಡುತ್ತಿದ್ದವನು ಅವನು. "ನಿನ್ನೆ ಟೀ ಅಂಗ್ಡೀಲಿ ಒಬ್ಬ ಅಂತಾನೆ, ನಿಂಗ ಬುಟ್ಟ ನೀರು ಕುಡ್ದು ನಮ್ ಬಾಮೈದ ಅರಿಶಿನ ಹಚ್ಚುಸ್ಕೊಂಡ ಮದ್ಲಿಂಗನಂಗೆ ಆಗವ್ನೆ ಅಂತ."

"ನೀನೇನಂದೆ?"

"ಅಂಗಾದ್ರೆ ಎಣ್ಣೂ ನೋಡ್ಬುಡಿ, ಕರ್ಚು ಉಳೀತದೆ ಅಂದೆ."

ದಿವ್ಯ ನಕ್ಕಳು. ಅವಳು ಶ್ರೀರಂಗಪಟ್ಟಣದ ಕಡೆಯ ಪಾಲಹಳ್ಳಿಯವಳು, ಗದ್ದೆ ಹಸು ಇದ್ದ ಮನೆಯಲ್ಲಿ ಬೆಳೆದವಳು; ಇಂಥ ಮಾತಿಗೆ ನಗಲು ಯೋಚಿಸಬೇಕಿರಲಿಲ್ಲ. ಆದರೆ ಕೈ ಕೆಲಸ ಬಿಡಲಿಲ್ಲ. ಕೊಳವೆಯ ಕೊನೆಯ ಮನೆಯ ನಲ್ಲಿಯಿಂದ ನೀರು ಹಿಡಿದು, ಹನಿ ಔಷಧಿ ಹಾಕಿ ಕುಲುಕಿದಳು. ನೀರು ಹಳದಿಗೆ ತಿರುಗಿತು. ಕ್ಲೋರಿನ್ ಕೊನೆಯ ಮನೆಯವರೆಗೂ ಬರುತ್ತಿತ್ತು. ಒಡೆದ ಪೈಪಿಲ್ಲ, ಚರಂಡಿಯಲ್ಲಿ ಮುಳುಗಿದ ಕೊಳಾಯಿಯೂ ಇಲ್ಲ.

"ನಿನ್ನ ನೀರು ಸರಿಯಾಗಿದೆ ನಿಂಗರಾಜು."

"ಒಂದ್ಸಲ ಮೈಕಲ್ಲಿ ಯೋಳ್ಬುಡಿ ಮೇಡಮ್ಮೋರೆ, ನಿಮ್ ಪುಣ್ಯ ಬತ್ತದೆ."

ಹೇಳುವುದಕ್ಕೆ ಮೊದಲು ಕಾರಣ ಸಿಗಬೇಕಿತ್ತು. ಒಂದೇ ನಲ್ಲಿಯ ನೀರು ಕುಡಿಯುವ ಬೀದಿಯಲ್ಲಿ ಒಂದು ಮನೆಗೆ ಕಾಮಾಲೆ ಬಂದು ಪಕ್ಕದ ಮನೆಗೆ ಬಂದಿರಲಿಲ್ಲ. ಮದುವೆ ಊಟ, ಗಣೇಶನ ಪ್ರಸಾದ, ಕಬ್ಬಿನ ಹಾಲು, ಎಲ್ಲವನ್ನೂ ವಿಚಾರಿಸಿ ಆಗಿತ್ತು. ಯಾವುದೂ ಹೊಂದಲಿಲ್ಲ.

ಮಧ್ಯಾಹ್ನ ಇಬ್ಬರೂ ಕುಳ್ಳಮ್ಮನ ಮನೆಗೆ ಹೋದರು. ಕುಳ್ಳಮ್ಮನ ಕಣ್ಣು, ಉಗುರು ಎರಡೂ ಹಳದಿಯಾಗಿದ್ದವು. ಆದರೂ ಜಗಲಿಯ ಮೇಲೆ ಚಾಪೆ ಹಾಕಿಸಿಕೊಂಡು, ಮಲಗಿದಲ್ಲಿಂದಲೇ ಮನೆ ನಡೆಸುತ್ತಿದ್ದಳು. ಒಳಗೆ ಮಗ ಲೋಕೇಶ ಮಲಗಿದ್ದ. ಟೆಂಪೊ ಓಡಿಸುವ ಹುಡುಗ, ಎದ್ದು ನಿಂತರೆ ತಲೆ ಸುತ್ತು. ಗಂಡ ಚಿಕ್ಕಯ್ಯ ಮಾತ್ರ ಎರಡು ಹಸುವಿಗೆ ಹುಲ್ಲು ಹಾಕಿ, ಡೈರಿಗೆ ಹಾಲು ಹಾಕಿ, ಗಟ್ಟಿಮುಟ್ಟಾಗಿ ಓಡಾಡುತ್ತಿದ್ದ.

"ಮೂರು ಜನಾನೂ ಒಂದೇ ನೀರು ಕುಡಿಯೋದಾ ಕುಳ್ಳಮ್ಮೋರೆ?"

"ಒಂದೇ ನೀರು, ಒಂದೇ ಮಡಕೆ, ಒಂದೇ ಮುದ್ದೆ. ಆ ಗಂಡುಸ್ಗೆ ಮಾತ್ರ ಏನೂ ಆಗ್ನಿಲ್ಲ ನೋಡವ್ವ. ಕಾಮಾಲೆಗೂ ಅವ್ನ ಕಂಡ್ರೆ ಬ್ಯಾಸ್ರ."

"ಯಾಕಮ್ಮಿ ಮೇಡಮ್ಮೋರ್ ಮುಂದೆ ಮಾನ ಕಳೀತೀಯ?" ಎಂದ ಚಿಕ್ಕಯ್ಯ ಕೊಟ್ಟಿಗೆಯಿಂದ.

"ಇದ್ರೆ ತಾನೆ ಕಳ್ಯಕ್ಕೆ!" ಕುಳ್ಳಮ್ಮ ದಿವ್ಯಳ ಕಡೆ ತಿರುಗಿದಳು. "ನಾವೇನ್ ಮೈಮರ್ತಿರ್ನಿಲ್ಲ ಕಣವ್ವ. ಶ್ರಾವಣದಲ್ಲಿ ಮಂಗಳಮ್ಮನ ಅಳೀಮಯ್ಯ ಕಣ್ಣು ಅಳದಿ ಮಾಡ್ಕೊಂಡು ಬಂದಿದ್ನಲ್ಲ, ಆಗ್ಲೇ ನಾವು ಉಷಾರಾದ್ವಿ. ಮಂಗಳಮ್ಮನ ತಾವ ಮುಂಚೇನೇ ಮದ್ದು ಕುಡ್ಕೊಂಡ್ ಬಂದ್ವಿ, ಮೂರ್ ಜನಾನೂವೆ. ಅಂಗಿದ್ರೂ ಬಂತಲ್ಲ, ಏನ್ ಮಾಡಾನ."

ಮಂಗಳಮ್ಮ ಎಂದರೆ ಶ್ರೀನಿವಾಸಾಚಾರಿಯ, ವೀಣಳ ತಾಯಿ. ಕಾಮಾಲೆಗೆ ಅವಳು ಕೊಡುವ ಸೊಪ್ಪಿನ ಮದ್ದು ಸುತ್ತಲ ಹಳ್ಳಿಗಳಿಗೆಲ್ಲ ಗೊತ್ತು. ಗುರುವಾರ ಮತ್ತು ಭಾನುವಾರ ಬೆಳಿಗ್ಗೆ, ಖಾಲಿ ಹೊಟ್ಟೆಗೆ ಒಂದು ಲೋಟ. ಕಾಸು ಮುಟ್ಟುವುದಿಲ್ಲ.

ದಿವ್ಯ ಹೊರಡುವಾಗ ಚಿಕ್ಕಯ್ಯ ಕೊಟ್ಟಿಗೆಯ ಮರೆಯಿಂದ ಕೈ ಸನ್ನೆ ಮಾಡಿದ. ಹತ್ತಿರ ಹೋದಾಗ ದನಿ ಇಳಿಸಿದ.

"ಮೇಡಮ್ಮೋರೆ, ಒಂದ್ ಮಾತು. ಅವ್ಳಿಗೆ ಯೋಳ್ಬ್ಯಾಡಿ. ಆ ಮದ್ದು ನಾನ್ ಕುಡೀನಿಲ್ಲ."

"ಅಂದ್ರೆ?"

"ಕುಡುದ್ರೆ ಹದಿನೈದು ದಿನ ಪಥ್ಯ. ಬಾಡು ಮುಟ್ಟಂಗಿಲ್ಲ. ಅದೇ ವಾರ ನಮ್ ಷಡ್ಕನ ಮನೇಲಿ ಬೀಗ್ರೂಟ ಇತ್ತು, ಎರಡು ಮರಿ ಕುಯ್ದಿದ್ರು. ಲೋಟ ಈಸ್ಕೊಂಡು, ಬಾಯ್ಗೆ ಇಟ್ಕೊಂಡಂಗ್ ಮಾಡಿ, ಆಕಡೆ ನಿಂಬೆ ಗಿಡದ ಬುಡಕ್ಕೆ ಸುರುದ್ಬುಟ್ಟೆ." ಅವನ ಮುಖದಲ್ಲಿ ನಿಜವಾದ ಹೆದರಿಕೆಯಿತ್ತು. "ಅದ್ಕೇ ಕೇಳ್ತೀನಿ, ನಂಗೂ ಬತ್ತದಾ?"

ನಿಂಗರಾಜು ಬಾಯಿಗೆ ಟವಲು ಒತ್ತಿಕೊಂಡು ಆಚೆ ತಿರುಗಿದ. ದಿವ್ಯ ನಗಲಿಲ್ಲ.

"ನಿಮಗೆ ಬರಲ್ಲ ಅನ್ಸುತ್ತೆ ಚಿಕ್ಕಯ್ಯಣ್ಣ. ಇನ್ಮುಂದೆನೂ ಕುಡೀಬೇಡಿ," ಎಂದಳು.

ಒಂದೇ ಮಡಕೆಯ ನೀರು ಕುಡಿದು, ಒಂದೇ ಮುದ್ದೆ ತಿಂದ ಮೂವರಲ್ಲಿ ಮದ್ದನ್ನು ಗಿಡಕ್ಕೆ ಸುರಿದವನು ಉಳಿದಿದ್ದ. ಅವಳು ಮತ್ತೆ ಮನೆಯಿಂದ ಮನೆಗೆ ಹೊರಟಳು. ಈ ಸಲ ಕೇಳಿದ್ದು ಒಂದೇ ಪ್ರಶ್ನೆ: ಶ್ರಾವಣದಲ್ಲಿ ಮದ್ದು ಕುಡಿದಿದ್ದಿರಾ? ನಿವೃತ್ತ ಮೇಷ್ಟ್ರು ಚೌಡಯ್ಯನವರ ಮನೆಯಲ್ಲಿ ಐದು ಜನ. ನಾಟಿ ಮದ್ದೆಂದರೆ ಅವರಿಗೆ ಆಗದು, ಯಾರೂ ಕುಡಿದಿರಲಿಲ್ಲ, ಯಾರಿಗೂ ಕಾಯಿಲೆ ಇಲ್ಲ. ಅವರ ಎಡಕ್ಕಿದ್ದ ಮನೆಯಲ್ಲಿ ಇಬ್ಬರು ಕುಡಿದಿದ್ದರು, ಇಬ್ಬರೂ ಮಲಗಿದ್ದರು. ಸಂಜೆಯ ಹೊತ್ತಿಗೆ ಲೆಕ್ಕ ನಿಚ್ಚಳವಾಯಿತು. ಕುಡಿದವರೆಲ್ಲ ಬಿದ್ದಿರಲಿಲ್ಲ. ಬಿದ್ದವರೆಲ್ಲ ಕುಡಿದವರು.

ಮುಖ್ಯಾಧಿಕಾರಿಗಳಿಗೆ ಫೋನ್ ಮಾಡಿ ವಿಷಯ ತಿಳಿಸಿದಳು.

"ನೋಟಿಸ್ ಕೊಡಿ, ನಿಲ್ಲಿಸಿ," ಎಂದರು ಅವರು.

"ಕೊಡಬಹುದು ಸಾರ್. ನೋಟಿಸ್ ಮುಂಬಾಗಿಲಿಗೆ ಅಂಟಿಸ್ತೀವಿ, ಮದ್ದು ಹಿತ್ತಿಲ ಬಾಗಿಲಲ್ಲಿ ಹೋಗುತ್ತೆ. ಆಮೇಲೆ ಯಾರು ಕುಡಿದ್ರು ಅಂತ ಒಬ್ರೂ ಬಾಯಿ ಬಿಡಲ್ಲ. ಭಾನುವಾರದವರೆಗೆ ನನಗೆ ಬಿಡಿ."

"ಭಾನುವಾರ ನಿಲ್ಲುತ್ತಾ?"

"ನಿಲ್ಲುತ್ತೆ ಸಾರ್."

ಶ್ರೀನಿವಾಸಾಚಾರಿ ಮನೆ ಮುಂದಿನ ಶೆಡ್ಡಿನಲ್ಲಿ ಬಾಗಿಲಿನ ಚೌಕಟ್ಟಿಗೆ ಉಜ್ಜುಗೊರಡು ಹಾಕುತ್ತಿದ್ದ. ದಿವ್ಯಳನ್ನು ಕಂಡು ಹೊಟ್ಟು ಕೊಡವಿಕೊಂಡು ಎದ್ದು, ಒಳಗೆ ಕರೆದ. ನಡುಮನೆಯಲ್ಲಿ ಮಂಗಳಮ್ಮ ಗೋಡೆಗೊರಗಿ ಕೂತು ಸೊಪ್ಪು ಬಿಡಿಸುತ್ತಿದ್ದಳು. ಎಪ್ಪತ್ತರ ಹತ್ತಿರದ ಸಣ್ಣ ಆಕೃತಿ, ನೆಟ್ಟನೆಯ ಬೆನ್ನು. ಪಕ್ಕದ ಕುರ್ಚಿಯಲ್ಲಿ ವೀಣ.

"ಬಾ ಮಗ, ಕೂತ್ಕೊ. ಮುನಿಸಿಪಾಲ್ಟಿಯೋರು ನಮ್ಮನೇಗೆ ಯಾಕ್ ಬಂದ್ರಪ್ಪ ಅಂತ ಬೀದಿಯೆಲ್ಲ ಕತ್ತು ಉದ್ದ ಮಾಡ್ಕೊಂಡ್ ನೋಡ್ತಾ ಅದೆ. ನನ್ ಮದ್ದಿನ ಮ್ಯಾಲೆ ದೂರು ಹೊತ್ಕೊಂಡ್ ಬಂದಿದ್ದೀಯ?"

"ಮದ್ದಿನ ಮೇಲಲ್ಲ ಅವ್ವ, ನೀರಿನ ಮೇಲೆ. ಮದ್ದಿಗೆ ಯಾವ ನೀರು ಹಾಕ್ತೀರಿ?"

"ನೆಲನೆಲ್ಲಿ ಅರ್ದು, ಜೀರಿಗೆ ಹಾಕಿ, ಮಜ್ಜಿಗೇಲಿ ಕಲ್ಸಿ, ಬಾವಿ ನೀರಲ್ಲಿ ತೆಳ್ಳಗೆ ಮಾಡೋದು. ನಮ್ಮತ್ತೆ ಕಾಲದಿಂದ ಅದೇ ಬಾವಿ. ಈಗ ಕುಡ್ಯಕ್ಕೆ ಎಲ್ರಿಗೂ ನಲ್ಲಿ ನೀರೇ, ಬಾವೀದು ಮದ್ದಿಗೆ ಮಾತ್ರ. ನಿಮ್ ನಲ್ಲಿ ನೀರಲ್ಲಿ ಪೌಡರ್ ಇರ್ತದೆ. ಪೌಡರ್ ನೀರಲ್ಲಿ ಮದ್ದು ಸತ್ತೋಯ್ತದೆ."

"ಕುದಿಸಿ ಹಾಕಿದ್ರೆ?"

"ಕುದ್ಸಿದ್ ನೀರೂ ಸತ್ ನೀರೇ."

"ಮಳೆಗಾಲದಲ್ಲಿ ನಾವು ಬಾವಿಗೂ ಬ್ಲೀಚಿಂಗ್ ಪೌಡರ್ ಹಾಕ್ತೀವಲ್ಲ ಅವ್ವ. ಮೊನ್ನೆ ಮಂಗಳವಾರವೂ ಹಾಕ್ಸಿದ್ದೆ."

ಮಂಗಳಮ್ಮನ ಮುಖದಲ್ಲಿ ಸಣ್ಣ ಗೆಲುವು ಮೂಡಿತು. "ನೀವು ಹಾಕ್ತೀರಿ, ನಾವು ಉಗ್ಗುಸ್ತೀವಿ. ಶ್ರಾವಣದಲ್ಲೂ ಅಷ್ಟೇ, ನಿನ್ನೇನೂ ಅಷ್ಟೇ. ನೀರು ಸೇದಿ ಮೂಸುದ್ರೆ ಗೊತ್ತಾಗಲ್ವಾ? ಸೀನ ಪಂಪಿಟ್ಟು ತಳ ಕಾಣೋಗಂಟ ಆಚೆಗ್ ಚೆಲ್ತಾನೆ. ಹೊಸ್ ನೀರು ಊರಿದ್ ಮ್ಯಾಲೇ ಮದ್ದು. ಇವತ್ತು ಬೆಳಿಗ್ಗೇನೂ ಅಂಗೇ ಕೊಟ್ಟಿದ್ದು."

"ಈಗ ಊರೋದೂ ಜಾಸ್ತಿ ಆಗದೆ ಮೇಡಂ," ಎಂದ ಶ್ರೀನಿವಾಸ ಹುರುಪಿನಿಂದ. "ಮೊದ್ಲೆಲ್ಲ ಬಾವಿ ಉಗ್ಗುಸುದ್ರೆ ತುಂಬಕ್ಕೆ ಎರಡು ದಿನ ಬೇಕಾಗದು. ಈ ವರ್ಷ ಸಂಜೆ ಉಗ್ಗುಸುದ್ರೆ ಬೆಳಿಗ್ಗೆಗೆ ನೀರು ನಿಂತಿರ್ತದೆ. ಗಂಗಮ್ಮ ಒಲ್ದವ್ಳೆ."

ದಿವ್ಯ ಎದ್ದಳು. "ಬಾವಿ ತೋರ್ಸಿ," ಎಂದಳು.

ಹಿತ್ತಿಲ ಬಾಗಿಲು ತೆಗೆದರೆ ಗಲ್ಲಿ. ಬಲಕ್ಕೆ ಬಾವಿ, ಕಲ್ಲಿನ ಕಟ್ಟೆ, ರಾಟೆ, ಅರಿಶಿನ ಕುಂಕುಮದ ಬೊಟ್ಟು. ಎಡಕ್ಕೆ ಬಿಳಿ ಟೈಲ್ಸಿನ ಹೊಸ ಕಕ್ಕಸು. ಅದರ ಹಿಂದೆ ಗಲ್ಲಿಯ ಮಣ್ಣಿನಲ್ಲಿ ಸಿಮೆಂಟು ಮುಚ್ಚಳ. ಬಾವಿಯ ಹಗ್ಗ ಬಿಚ್ಚಿ ನೆಲಕ್ಕೆ ಹಾಸಿದ್ದರೆ ಅದರ ಅರ್ಧವೂ ಬೇಕಿರಲಿಲ್ಲ, ಮುಚ್ಚಳ ಮುಟ್ಟುತ್ತಿತ್ತು.

"ಇದು ಯಾವಾಗ ಕಟ್ಟಿದ್ದು?"

"ವೀಣ ಬರೋಕ್ ಮುಂಚೆ. ಹಳೇದ್ರಲ್ಲಿ ಬಸುರಿ ಕುಕ್ಕುರುಗಾಲಲ್ಲಿ ಕೂರಕ್ಕಾಗಲ್ಲ ಅಂತ ಕಮೋಡ್ ಹಾಕ್ಸ್ದೆ. ಗುಂಡಿಗೆ ರಿಂಗ್ ಇಳಿಸಿದ್ದೀನಿ, ಹತ್ತಡಿ."

"ತಳಕ್ಕೆ ಕಾಂಕ್ರೀಟು?"

"ತಳ ಬುಟ್ಟಿದ್ದೀವಿ. ನೀರು ಇಂಗ್ಬೇಕಲ್ಲ."

"ಇಂಗಿ ಎಲ್ಲಿಗೆ ಹೋಗುತ್ತೆ ಆಚಾರ್ರೆ?"

ಶ್ರೀನಿವಾಸ ಮುಚ್ಚಳ ನೋಡಿದ, ಬಾವಿಯ ಕಡೆ ನೋಡಿದ.

ದಿವ್ಯ ಒಳಗೆ ಬಂದು ಕೂತು, ಯಾವುದನ್ನೂ ಮರೆಮಾಚದೆ ಹೇಳಿದಳು. ವೀಣಳ ಗಂಡ ಅಭಿಲಾಷ್ ಶ್ರಾವಣದಲ್ಲಿ ಮೈಸೂರಿನಿಂದ ಕಾಮಾಲೆ ಹತ್ತಿಸಿಕೊಂಡು ಬಂದು ಒಂದು ವಾರ ಇಲ್ಲೇ ಇದ್ದ. ಆ ಕಕ್ಕಸನ್ನೇ ಬಳಸಿದ. ಕಾಮಾಲೆಯ ವಿಷ ಮಲದಲ್ಲಿರುತ್ತದೆ. ಅದೇ ವಾರ ಬಾವಿಯ ನೀರನ್ನೆಲ್ಲ ಎತ್ತಿ ಚೆಲ್ಲಿದಿರಿ. ಬಾವಿ ಬರಿದಾದರೆ ಸುತ್ತಲ ಮಣ್ಣಿನ ತೇವವನ್ನೆಲ್ಲ ತನ್ನ ಕಡೆಗೆ ಎಳೆದುಕೊಳ್ಳುತ್ತದೆ, ಗುಂಡಿಯದನ್ನೂ ಎಳೆಯಿತು. ಬೇಗ ಊರಿದ್ದು ಅದಕ್ಕೇ. ಕಾಮಾಲೆ ಬರದಿರಲಿ ಎಂದು ಬಂದವರು ಅದೇ ನೀರಿನ ಮದ್ದು ಕುಡಿದರು. ಆಮೇಲೆ ಒಂದು ತಿಂಗಳಿಗೆ ಅವರೇ ಮಲಗಿದರು.

ಮಂಗಳಮ್ಮ ಕೈಯಲ್ಲಿದ್ದ ಸೊಪ್ಪು ಕೆಳಗಿಟ್ಟಳು.

"ಊರಿಗೆಲ್ಲ ನಾನು ಕಕ್ಕಸಿನ್ ನೀರು ಕುಡಿಸ್ದೆ ಅಂತೀಯ?"

"ಗೊತ್ತಿದ್ದು ಕುಡಿಸಿದ್ರಿ ಅನ್ನಲ್ಲ."

"ನಲವತ್ತು ವರ್ಷ ಕಣಮ್ಮಿ! ಮದ್ದು ಕೇಳಿ ಬಂದೋರ್ಗೆ ಒಂದಿನ ಇಲ್ಲ ಅಂದಿಲ್ಲ. ಒಬ್ರಿಗೆ ಕೆಟ್ಟದ್ದಾಗಿಲ್ಲ. ಬಸುರಿಯರ್ಗೆ ಕೊಡಬಾರ್ದು ಅಂತ ನಮ್ಮತ್ತೆ ಯೋಳಿದ್ರು, ಅದುನ್ನೂ ಮೀರಿಲ್ಲ. ಈಗ ಎದುರು ಮನೇಗೂ ಬಂದದೆ, ಇನ್ನು ಕಾಯಕ್ಕಾಗಲ್ಲ ಅಂತ ಈ ಭಾನುವಾರ ವೀಣನ್ಗೂ ಅರ್ಧ ಲೋಟ ಕೊಡಾನ ಅಂತಿದ್ದೀನಿ. ನನ್ ಮಗ್ಳಿಗೆ ನಾನೇ ವಿಸ ಇಕ್ತೀನಾ?"

ದಿವ್ಯ ಹುಡುಕುತ್ತಿದ್ದ ಅಪಾಯಕ್ಕೆ ಈಗ ದಿನ ಗೊತ್ತಾಗಿತ್ತು. ದನಿ ಏರಿಸದೆ ಹೇಳಿದಳು: "ಕೊಡಬೇಡಿ ಅವ್ವ. ಇದು ಬಸುರಿಯರ ಪ್ರಾಣ ತೆಗೆಯೋ ಕಾಮಾಲೆ."

"ನೀನ್ ಯಾರಮ್ಮಿ ಯೋಳಕ್ಕೆ? ನಿನ್ ಮಾತು ನಂಬ್ಲೋ, ನಮ್ಮತ್ತೆ ಕೊಟ್ಟ ಮದ್ದು ನಂಬ್ಲೋ?"

"ಇಬ್ರೂ ನನ್ ಹೊಟ್ಟೆ ಮುಂದೆ ಜಗಳ ಆಡ್ಬೇಡಿ," ಎಂದಳು ವೀಣ. ಅಲ್ಲಿಯವರೆಗೆ ಮಾತಾಡಿರದವಳ ದನಿಗೆ ಎಲ್ಲರೂ ತಿರುಗಿದರು. "ಮೇಡಂ, ನೀರು ಕೆಟ್ಟಿದ್ಯೋ ಇಲ್ವೋ ತಿಳ್ಕೊಳಕ್ಕೆ ಪರೀಕ್ಷೆ ಇಲ್ವಾ? ಅದುನ್ನ ಮಾಡಿ. ಸುಮ್ನೆ ಬಾಯಲ್ಲಿ ಯಾಕೆ?"

ದಿವ್ಯ ಚೀಲದಿಂದ ಎರಡು ಸಣ್ಣ ಸೀಸೆ ತೆಗೆದಳು. ಒಂದೊಂದರ ತಳದಲ್ಲೂ ಔಷಧಿ ಅದ್ದಿದ ಕಾಗದದ ಚೂರು. "ನೀರು ತುಂಬಿ ಮುಚ್ಚಿಡೋದು. ಮಲದ ಅಂಶ ಇದ್ರೆ ಒಂದೆರಡು ದಿನದಲ್ಲಿ ಕಪ್ಪಾಗುತ್ತೆ, ಇಲ್ದಿದ್ರೆ ಇಲ್ಲ. ನಾನು ಮುಟ್ಟಲ್ಲ ಅವ್ವ. ಒಂದಕ್ಕೆ ನಲ್ಲಿ ನೀರು, ಒಂದಕ್ಕೆ ಬಾವಿ ನೀರು, ನೀವೇ ತುಂಬಿ. ನಿಮ್ಮ ದೇವರ ಮನೇಲಿ ಇಟ್ಟು ಬೀಗ ಹಾಕಿ, ಕೀಲಿ ನೀವೇ ಇಟ್ಕೊಳ್ಳಿ. ಶನಿವಾರ ಸಂಜೆ ಬರ್ತೀನಿ. ಕಪ್ಪಾಗದಿದ್ರೆ ಭಾನುವಾರ ಬೆಳಿಗ್ಗೆ ನಿಮ್ಮ ಮದ್ದಿನ ಮೊದಲ ಲೋಟ ನಾನೇ ಕುಡೀತೀನಿ, ಎಲ್ಲರ ಎದುರಿಗೆ."

ಬಾಗಿಲ ಬಳಿ ನಿಂತಿದ್ದ ನಿಂಗರಾಜು ಕೆಮ್ಮಿದ. ಮಂಗಳಮ್ಮ ಸೀಸೆಗಳಿಗೆ ಕೈ ಚಾಚಿದಳು.

ಬೀದಿಗೆ ಬಂದ ಮೇಲೆ ನಿಂಗರಾಜು, "ಯಾಕ್ ಮೇಡಮ್ಮೋರೆ ಅಂಗಂದ್ರಿ? ಅಕಸ್ಮಾತ್ ಕಪ್ಪಾಗ್ದೇ ಓದ್ರೆ?" ಎಂದ.

"ಆಗುತ್ತೆ. ಗುಂಡಿ ಎಲ್ಲಿದೆ ನೋಡಿದ್ಯಲ್ಲ."

"ನೋಡ್ದೆ. ಆದ್ರೂ ನೀವು ಸರ್ಕಾರಿ ನೌಕರ್ರು, ಕುಡ್ದು ಮಲಗ್ಬುಟ್ರೆ ನಿಮ್ ರಜಾ ಅರ್ಜಿ ನಾನ್ ಬರ್ಯಂಗಾಯ್ತದೆ."

ಶನಿವಾರ ಸಂಜೆ ದಿವ್ಯ ಹೋದಾಗ ಮಂಗಳಮ್ಮ ಕಾಯುತ್ತಿದ್ದಳು. ಭಾನುವಾರದ ಮದ್ದಿಗೆ ಸೊಪ್ಪು ಕಿತ್ತು ತಂದಾಗಿತ್ತು; ಮೊರದ ತುಂಬ ಹಸಿರು, ಪಕ್ಕದಲ್ಲಿ ಒರಳು ತೊಳೆದಿಟ್ಟಿತ್ತು. ಅವಳು ಸೊಂಟದಿಂದ ಕೀಲಿ ತೆಗೆದು ದೇವರ ಮನೆಯ ಬಾಗಿಲು ತೆರೆದಳು. ಒಳಗೆ ಮಬ್ಬು. ಎರಡೂ ಸೀಸೆಗಳನ್ನು ಕೈಯಲ್ಲಿ ಹಿಡಿದು ಬೀದಿ ಬಾಗಿಲಿನ ಬೆಳಕಿಗೆ ಬಂದಳು.

ನಲ್ಲಿ ನೀರು ತುಂಬಿದ ದಿನ ಹೇಗಿತ್ತೋ ಹಾಗೇ ಇತ್ತು. ಬಾವಿಯ ನೀರು ಕಾಡಿಗೆ ಕರಡಿದಂತೆ ಕಪ್ಪಗಿತ್ತು.

ಮಂಗಳಮ್ಮ ಸೀಸೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಮುಚ್ಚಳದ ಮೇಲೆ ತಾನೇ ಇಟ್ಟಿದ್ದ ಕುಂಕುಮದ ಗುರುತು ಅಳಿಸಿಲ್ಲವೆಂದು ನೋಡಿಕೊಂಡಳು. ಶ್ರೀನಿವಾಸ ಏನೋ ಹೇಳಹೊರಟ. ಅವಳು ಕೈಯೆತ್ತಿ ತಡೆದಳು.

"ನೀನ್ ಓಗು ಮಗ," ಎಂದಳು ದಿವ್ಯಳಿಗೆ. "ಬೆಳಿಗ್ಗೆ ಬಾ."

"ಅವ್ವ, ವೀಣನಿಗೆ..."

"ಬೆಳಿಗ್ಗೆ ಬಾ ಅಂದೆನಲ್ಲ."

ವೀಣ ಬಾಗಿಲವರೆಗೆ ಬಂದು, "ನಾನು ಕುಡಿಯಲ್ಲ ಮೇಡಂ, ನೀವ್ ಓಗಿ," ಎಂದು ಪಿಸುಗುಟ್ಟಿದಳು. ಒಬ್ಬಳು ಕುಡಿಯಲಾರಳು, ಅಷ್ಟು ಖಾತ್ರಿಯಾಯಿತು. ಬೆಳಿಗ್ಗೆ ಸಾಲು ನಿಲ್ಲುವವರ ಮಾತು ಹಾಗೇ ಉಳಿಯಿತು.

ಭಾನುವಾರ ಬಿಸಿಲು ಏರುವ ಮೊದಲೇ ಮನೆ ಮುಂದೆ ನಲವತ್ತಕ್ಕೂ ಹೆಚ್ಚು ಜನ ಇದ್ದರು. ಕಾಯಿಲೆಯ ಸುದ್ದಿ ಹಬ್ಬಿ ಹಳ್ಳಿಗಳಿಂದಲೂ ಬಂದಿದ್ದರು. ಕೈಯಲ್ಲಿ ಲೋಟ, ತಂಬಿಗೆ. ಕುಳ್ಳಮ್ಮನೂ ಗಂಡನ ತೋಳು ಹಿಡಿದುಕೊಂಡು ಬಂದು ಕಲ್ಲಿನ ಮೇಲೆ ಕೂತಿದ್ದಳು. ದಿವ್ಯ ಜನರ ಹಿಂದೆ ನಿಂತಳು. ಮದ್ದಿನ ಕೊಳಗ ಎಂದಿನಂತೆ ಜಗಲಿಯ ಮೇಲೆ ಇರಲಿಲ್ಲ.

ಮಂಗಳಮ್ಮ ಹೊರಗೆ ಬಂದು ಜಗಲಿಯ ಅಂಚಿನಲ್ಲಿ ನಿಂತಳು.

"ಇವತ್ತು ಮದ್ದಿಲ್ಲ," ಎಂದಳು.

ಗುಜುಗುಜು ಎದ್ದಿತು. "ಯಾಕವ್ವ, ಸೊಪ್ಪು ಸಿಗ್ನಿಲ್ವಾ?" ಎಂದು ಯಾರೋ ಕೂಗಿದರು.

"ಸೊಪ್ಪು ಸಿಕ್ತು. ನೀರು ಕೆಟ್ಟೋಗದೆ. ನಮ್ಮನೆ ಕಕ್ಕಸಿನ ಗುಂಡಿ ಬಾವಿಗ್ ಇಳ್ದದೆ. ಶ್ರಾವಣದಲ್ಲೇ ಇಳ್ದಿತ್ತು, ನಂಗೆ ತಿಳೀನಿಲ್ಲ. ಆ ನೀರಲ್ಲೇ ನಿಮ್ಗೆಲ್ಲ ಮದ್ದು ಕೊಟ್ಟೆ."

ಕುಳ್ಳಮ್ಮ ಕಲ್ಲಿನಿಂದ ಎದ್ದಳು.

"ಅಂಗಾದ್ರೆ ನನ್ ಮಗನ್ಗೆ ಕಾಮಾಲೆ ಕೊಟ್ಟೋಳು ನೀನೇಯಾ ಮಂಗಳಮ್ಮ?"

"ಊಂ ಕಣವ್ವ. ನಾನೇಯಾ."

ಕುಳ್ಳಮ್ಮನ ಬಾಯಿಯಿಂದ ಏನು ಬರುತ್ತದೋ ಎಂದು ಬೀದಿ ಕಾಯಿತು. ಬೈಗುಳಕ್ಕೆ ಹೆಸರಾದ ಬಾಯಿ ಅದು. ಆದರೆ ಅವಳು ಗಂಡನ ಕಡೆ ತಿರುಗಿದಳು.

"ನೀನೂ ಕುಡುದ್ಯಲ್ಲ. ನಿಂಗ್ಯಾಕ್ ಬರ್ನಿಲ್ಲ?"

ಚಿಕ್ಕಯ್ಯ ನೆಲ ನೋಡಿದ. "ಬೀಗ್ರೂಟ ಇತ್ತು ಕಣಮ್ಮಿ..." ಎಂದ.

ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಮೊದಲು ನಕ್ಕವಳು ಕುಳ್ಳಮ್ಮನೇ. ನಗಲು ಶಕ್ತಿಯಿಲ್ಲದೆ ಮತ್ತೆ ಕಲ್ಲಿನ ಮೇಲೆ ಕುಸಿದು, ಹೊಟ್ಟೆ ಹಿಡಿದುಕೊಂಡು, "ಬಾಡಿನ ಆಸೆಗ್ ಬದುಕ್ಬುಟ್ಯಲ್ಲೋ ನನ್ ಗಂಡ!" ಎಂದಳು. ನಗು ಹಿಂದಿನ ಸಾಲಿನವರೆಗೂ ಹೋಯಿತು. ಎಲ್ಲರೂ ನಗಲಿಲ್ಲ. ಹಳ್ಳಿಯಿಂದ ಬಂದ ಇಬ್ಬರು ಗೊಣಗುತ್ತ ಬೈಕ್ ಹತ್ತಿ ಹೋದರು. ಎದುರು ಮನೆಯವರು ಮಂಗಳಮ್ಮನ ಮುಖ ನೋಡದೆ ಬಾಗಿಲು ಹಾಕಿಕೊಂಡರು.

ದಿವ್ಯ ಮುಂದೆ ಬಂದು ಜಗಲಿ ಹತ್ತಿದಳು. ಮುಂದಿನ ಎರಡು ತಿಂಗಳು ಕುದಿಸಿದ ನೀರನ್ನೇ ಕುಡಿಯಬೇಕು, ಕಕ್ಕಸಿಗೆ ಹೋಗಿ ಬಂದು ಸೋಪಿನಲ್ಲಿ ಕೈ ತೊಳೆಯಬೇಕು, ಮೊನ್ನೆ ಗುರುವಾರ ಮದ್ದು ಕುಡಿದವರು ಹೆಸರು ಹೇಳಬೇಕು ಎಂದಳು. ಜನ ತಲೆಯಾಡಿಸಿದರು. ಬೇಸಿಗೆ, ಮಳೆಗಾಲ ಎರಡರಲ್ಲೂ ಮೈಕಿನಲ್ಲಿ ಕೇಳಿ ಕೇಳಿ ಸವೆದುಹೋದ ಮಾತಿಗೆ ಆಡುವ ತಲೆ ಅದು. ಮಂಗಳಮ್ಮ ಅದನ್ನು ನೋಡಿದಳು.

"ಅವ್ಳು ಯೋಳಿದ್ದು ಕೇಳುಸ್ತಾ?" ಎಂದು ದನಿ ಎತ್ತಿದಳು. "ಅದು ಪಥ್ಯ. ನಾನ್ ಯೋಳ್ತಾ ಇದ್ದೀನಿ. ನೀರು ಮೂರು ಉಕ್ಕು ಬರ್ಬೇಕು. ಆರೋಗಂಟ ಮುಚ್ಚಳ ತೆಗ್ಯಂಗಿಲ್ಲ, ಅದ್ರೊಳೀಕೆ ಕೈ ಅದ್ದಂಗಿಲ್ಲ. ಪಥ್ಯ ಮುರುದ್ರೆ ನನ್ ತಾವ ಬರ್ಬೇಡಿ."

ಈ ಸಲ ಯಾರೂ ತಲೆಯಾಡಿಸಲಿಲ್ಲ. ಹೆಂಗಸರು ಒಬ್ಬರನ್ನೊಬ್ಬರು ಕೇಳಿ ಖಚಿತಮಾಡಿಕೊಳ್ಳುತ್ತಿದ್ದರು: ಮೂರು ಉಕ್ಕೋ, ಎರಡೋ?

ಸೋಮವಾರ ಬೆಳಿಗ್ಗೆ ವೀಣಳನ್ನು ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದು ಪರೀಕ್ಷೆಗೆ ರಕ್ತ ಕೊಡಿಸಿದರು. ಶ್ರೀನಿವಾಸ ಕಕ್ಕಸಿಗೆ ಬೀಗ ಹಾಕಿ, ಗುಂಡಿ ಬಳಿದು ಮುಚ್ಚಲು ಪುರಸಭೆಯ ಸಕ್ಕಿಂಗ್ ಯಂತ್ರ ಕರೆಸಿದ. ಬಾವಿಗೆ ದಿವ್ಯ ಮತ್ತೆ ಪೌಡರ್ ಹಾಕಿಸಿದಳು; ಯಾರೂ ಪಂಪು ಇಳಿಸಲಿಲ್ಲ. ಗುರುವಾರ ಮದ್ದು ಕುಡಿದವರಲ್ಲಿ ಇನ್ನೂ ಕೆಲವರು ಮುಂದಿನ ತಿಂಗಳು ಮಲಗುತ್ತಾರೆಂದು ಅವಳಿಗೆ ಗೊತ್ತಿತ್ತು. ಅವರನ್ನೆಲ್ಲ ಮೊದಲೇ ಕಂಡು, ಅವರ ಮನೆಯವರಿಗೆ ಹರಡದಂತೆ ನೋಡಬೇಕಿತ್ತು.

ಮಂಗಳವಾರ ಅವಳು ಹೊರಟಾಗ ಮಂಗಳಮ್ಮ ಸೆರಗು ಬಿಗಿದುಕೊಂಡು ಬೀದಿಯಲ್ಲಿ ನಿಂತಿದ್ದಳು. "ನೀನೊಬ್ಳೇ ಓದ್ರೆ ಅರ್ಧ ಜನ ಕುಡುದೇ ಇಲ್ಲ ಅಂತಾರೆ. ಕೊಟ್ಟೋಳು ನಾನು, ಯಾರ್ ಯಾರ್ಗೆ ಅಂತ ನಂಗೊತ್ತು. ನಡಿ."

ಇಬ್ಬರೂ ಮನೆಯಿಂದ ಮನೆಗೆ ನಡೆದರು. ಪ್ರತಿ ಬಾಗಿಲಲ್ಲೂ ಮಂಗಳಮ್ಮನೇ ಮೊದಲು ಮಾತಾಡಿದಳು. ಆಡಿದ್ದು ಅದೇ ಮಾತು, ಕಡಿಮೆ ಮಾಡದೆ. ಒಂದು ಮನೆಯಲ್ಲಿ ಕಾಫಿ ಕೊಟ್ಟರು. ಒಂದು ಮನೆಯಲ್ಲಿ ಬೈದರು, ಕೇಳಿಸಿಕೊಂಡು ನಿಂತಳು.

ಚೌಡಯ್ಯ ಮೇಷ್ಟ್ರ ಮನೆಯ ಮುಂದೆ ಬರುವಾಗ ದಿವ್ಯಳ ಫೋನ್ ಬಡಿದುಕೊಂಡಿತು. ಆಸ್ಪತ್ರೆಯಿಂದ. ಅವಳು ಕೇಳಿಸಿಕೊಂಡು, ಎರಡು ಪ್ರಶ್ನೆ ಕೇಳಿ, ಇಟ್ಟಳು. ಮಂಗಳಮ್ಮ ಅವಳ ಮುಖವನ್ನೇ ನೋಡುತ್ತಿದ್ದಳು.

"ವೀಣನಿಗೆ ಇಲ್ಲ ಅವ್ವ. ರಕ್ತದಲ್ಲಿ ಕಾಮಾಲೆ ಇಲ್ಲ. ಹದಿನೈದು ದಿನ ಬಿಟ್ಟು ಇನ್ನೊಂದ್ಸಲ ನೋಡ್ತಾರೆ. ಆದ್ರೆ ಇವತ್ತಿಗೆ ಇಲ್ಲ."

ಮಂಗಳಮ್ಮ ಮೇಷ್ಟ್ರ ಜಗಲಿಯ ಮೇಲೆ ಕೂತಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಬಿಸಿಲು ನೆತ್ತಿಗೆ ಬರುತ್ತಿತ್ತು. ಡೈರಿಯ ಹಾಲಿನ ಗಾಡಿ ಮೂಲೆ ತಿರುಗಿ ಹೋಯಿತು.

"ಇನ್ನೆಷ್ಟು ಮನೆ ಅವೆ?" ಎಂದು ಕೇಳಿದಳು.

"ಆರು."

"ಎತ್ಕೊ ನಿನ್ ಚೀಲ," ಎಂದು ಮೊಣಕಾಲಿಗೆ ಕೈಯೂರಿ ಎದ್ದಳು.